ನಾನು ಏರದ ಟೋಂಕು

ಶಿಖರ್ಜಿ ಬೆಟ್ಟದ ಮೇಲಿನ ಒಂದು ಟೋಂಕಿಗೆ ನಾನು ಹೋಗಲಿಲ್ಲ. ಹೋದ ಹಾಗೆ ಕ್ಯಾಸೆಟ್ಟಿನಲ್ಲಿ ತೋರಿಸಿದೆ. ನನ್ನ ಅಕ್ಕ ಅದನ್ನು ನಂಬಿ ಆರು ವರ್ಷ ಟಿವಿಯ ಮುಂದೆ ಕುಳಿತು ಕೈ ಮುಗಿದಳು, ಅಕ್ಕಿಯ ಅರ್ಘ್ಯ ಏರಿಸಿದಳು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಏಳನೆಯ ಇಯತ್ತೆಯವರೆಗೆ ಓದಿದವನು, ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ಸುತ್ತಿ ಬಳಸಿ ತೋರಿಸುವುದು ಮಾತ್ರ ಬರುತ್ತಿತ್ತು. ಅದೇ ನನ್ನ ಹೊಟ್ಟೆಪಾಡು.

ಶಿಖರ್ಜಿ ಅಂದರೆ ಆಗಿನ ಬಿಹಾರದ ಸಮ್ಮೇದ ಶಿಖರ. ನಮ್ಮ ಜೈನರಿಗೆ ಅದಕ್ಕಿಂತ ದೊಡ್ಡ ಕ್ಷೇತ್ರ ಇಲ್ಲ. ಇಪ್ಪತ್ತು ತೀರ್ಥಂಕರರು ಮೋಕ್ಷಕ್ಕೆ ಹೋದ ಬೆಟ್ಟ ಅದು. ಒಬ್ಬೊಬ್ಬರು ಹೋದ ಜಾಗದಲ್ಲಿ ಒಂದೊಂದು ಸಣ್ಣ ಗುಡಿ ಕಟ್ಟಿದ್ದಾರೆ; ಅದಕ್ಕೇ ಟೋಂಕು ಅನ್ನುತ್ತಾರೆ. ಒಳಗೆ ಮೂರ್ತಿ ಇರುವುದಿಲ್ಲ. ಕಲ್ಲಿನಲ್ಲಿ ಕೊರೆದ ಎರಡು ಪಾದಗಳು ಮಾತ್ರ. ಬರಿಗಾಲಲ್ಲಿ, ಏನೂ ತಿನ್ನದೆ, ಹತ್ತಿ ಸುತ್ತಿ ಇಳಿಯುವಷ್ಟರಲ್ಲಿ ಇಡೀ ದಿನ ಹೋಗುತ್ತದೆ. ಹೋಗಲಾರದವರಿಗೂ ಒಂದು ದಾರಿ ಇದೆ. ಮನೆಯಲ್ಲೇ ಕುಳಿತು ಒಂದೊಂದು ಟೋಂಕನ್ನೂ ಕ್ರಮವಾಗಿ ಮನಸ್ಸಿಗೆ ತಂದುಕೊಂಡು ನಮಸ್ಕರಿಸುವುದು. ಭಾವವಂದನೆ ಎಂದು ಅದರ ಹೆಸರು. ಅಕ್ಕನಿಗೆ ಇದ್ದದ್ದು ಆ ದಾರಿ ಒಂದೇ.

ನಮ್ಮ ಊರು ಕಾಗವಾಡದ ಹತ್ತಿರ. ಅಕ್ಕನಿಗೆ ಎರಡು ವರ್ಷವಿದ್ದಾಗ ಪೋಲಿಯೋ ಆಗಿ ಎಡಗಾಲು ಸೊರಗಿಹೋಯಿತು. ನಮ್ಮೂರ ಬಸ್ತಿಯ ಮೂಲದೇವರು ಚಂದ್ರಪ್ರಭ ಸ್ವಾಮಿ. ಅವ್ವ ಅವನ ಮುಂದೆ ಹರಕೆ ಹೊತ್ತಳಂತೆ: ಕೂಸು ಎದ್ದು ನಿಂತರೆ ಶಿಖರ್ಜಿಗೆ ಕರೆದುಕೊಂಡು ಹೋಗಿ ನಿನ್ನ ಟೋಂಕಿನಲ್ಲಿ ಅಡ್ಡ ಬೀಳಿಸುತ್ತೇನೆ ಎಂದು. ಐದನೆಯ ವರ್ಷಕ್ಕೆ ಅಕ್ಕ ಮೊಣಕಾಲಿನ ಮೇಲೆ ಕೈ ಊರಿ ನಿಂತಳು, ನಡೆದಳು. ಆದರೆ ಹೋಗುವುದು ಆಗಲಿಲ್ಲ. ಒಂದು ವರ್ಷ ಬೆಳೆ, ಒಂದು ವರ್ಷ ಅಪ್ಪನ ಸಾವು, ಮತ್ತೊಂದು ವರ್ಷ ಮತ್ತೇನೋ. ಅವ್ವ ಸಾಯುವಾಗ ನನಗೆ ಹದಿಮೂರು. ಅಕ್ಕನ ಕೈ ಹಿಡಿದು, "ಆ ಮಾತು ಇನ್ನ ನಿನ್ನ ಕಡೆ ಐತಿ ಮಗಳ," ಅಂದಳು.

ಅಕ್ಕ ನನ್ನ ಶಾಲೆ ಬಿಡಿಸಿದಳು. ಬೇರೆ ದಾರಿ ಇರಲಿಲ್ಲ. ಅವಳು ಹೊಲಿಗೆ ಮಷೀನ್ ತುಳಿಯುತ್ತಿದ್ದಳು, ಅದೂ ಒಂದೇ ಕಾಲಲ್ಲಿ. ನನ್ನನ್ನು ಅಥಣಿಯ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕೆ ಹಚ್ಚಿದಳು. ಮೊದಲು ಲೈಟ್ ಹಿಡಿಯುವುದು, ಆಮೇಲೆ ಕ್ಯಾಮೆರಾ. ಎಂಬತ್ತರ ದಶಕದ ಕೊನೆಗೆ ನಾನು ಮಿಕ್ಸಿಂಗ್ ಮಾಡತೊಡಗಿದೆ. ಈಗಿನವರು ಎಡಿಟಿಂಗ್ ಅನ್ನುವುದನ್ನು ನಾವು ಮಿಕ್ಸಿಂಗ್ ಅನ್ನುತ್ತಿದ್ದೆವು. ಎರಡು ವಿಸಿಆರ್ ಅಕ್ಕಪಕ್ಕ. ಒಂದರಲ್ಲಿ ಕ್ಯಾಮೆರಾದ ಕ್ಯಾಸೆಟ್ಟು ಓಡಿಸುವುದು, ಇನ್ನೊಂದರಲ್ಲಿ ಬೇಕಾದಷ್ಟು ಮಾತ್ರ ಹಿಡಿದುಕೊಳ್ಳುವುದು. ಗುಂಡಿ ಒತ್ತುವುದು ಅರೆಕ್ಷಣ ತಡವಾದರೆ ಚಿತ್ರ ಜಿಗಿಯುತ್ತಿತ್ತು, ಮತ್ತೆ ಮೊದಲಿನಿಂದ.

ನಮ್ಮ ಮಾಲಕರಿಗೆ ಮರಾಠಿಯೂ ಕನ್ನಡವೂ ಒಂದೇ ಬಾಯಿಯಲ್ಲಿ ಬರುತ್ತಿದ್ದವು. ಅವರೇ ನನಗೆ ಮಿಕ್ಸಿಂಗ್ ಕಲಿಸಿದ್ದು.

"ಅರೇ ಬಾಬಾ, ಬಸ್ಸು ಹೋಗೂದನ್ನ ಹತ್ತು ಮಿನಿಟ್ ಯಾಕ ತೋರ್ಸಾಕತ್ತಿ? ಬಸ್ಸು ಹೊಂಟ್ತು, ಒಬ್ಬ ಮುದುಕಿ ಕಣ್ಣ ಒರಸ್ಕೊಂಡ್ಲು. ಬಸ್ಸು ಮುಟ್ಟಿತು, ಅದೇ ಮುದುಕಿ ನಕ್ಕಳು. ಸಂಪ್ಲಾ, ಮುಗೀತು. ನಡುವಿಂದು ನೋಡಾವ ತಾನ ತುಂಬ್ಕೋತಾನ."

ಈ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಮೊದಲು ದೂರದ ಒಂದು ಚಿತ್ರ, ಅದರ ಹಿಂದೆಯೇ ಹತ್ತಿರದ್ದೊಂದು ಚಿತ್ರ. ಎರಡರ ನಡುವೆ ಹತ್ತು ಹರದಾರಿ ಇದ್ದರೂ ನೋಡುವವನ ಕಣ್ಣು ಎರಡನ್ನೂ ಹೊಲಿದುಬಿಡುತ್ತದೆ. ಆ ಹೊಲಿಗೆಯಲ್ಲಿ ನಾನು ಜಾಣನಾದೆ. ಯಾತ್ರೆಯ ಕ್ಯಾಸೆಟ್ಟುಗಳಿಗೆ ಉಗಾರ, ಕಾಗವಾಡ, ರಾಯಬಾಗದ ಕಡೆಯಿಂದ ಜನ ನನ್ನನ್ನೇ ಕೇಳಿಕೊಂಡು ಬರುತ್ತಿದ್ದರು. ಟಯರ್ ಪಂಕ್ಚರ್ ಆದದ್ದು, ಯಾರೋ ಕಾಕಾ ಚಹಾ ಚೆಲ್ಲಿಕೊಂಡದ್ದು, ಗುಡಿಯ ಗೋಪುರ ಮೊದಲು ಕಂಡ ಗಳಿಗೆ, ಇವನ್ನೆಲ್ಲ ಜೋಡಿಸಿ ನಾನು ಮೂರು ಗಂಟೆಯ ಕಥೆ ಮಾಡುತ್ತಿದ್ದೆ. ಯಾತ್ರೆಗೆ ಹೋದವರೇ, "ನಮ್ಮ ಯಾತ್ರಿ ಇಷ್ಟ ಚಂದ ಆಗಿತ್ತೇನ್ರಿ?" ಎಂದು ಕೇಳುತ್ತಿದ್ದರು.

ತೊಂಬತ್ತೊಂದೋ ತೊಂಬತ್ತೆರಡೋ ಇರಬೇಕು, ಚಳಿಗಾಲದಲ್ಲಿ ನಮ್ಮ ಸುತ್ತಿನ ಹಳ್ಳಿಗಳಿಂದ ಎರಡು ಬಸ್ಸು ಶಿಖರ್ಜಿಗೆ ಹೊರಟವು. ಶೂಟಿಂಗಿಗೆ ನನ್ನನ್ನು ಗೊತ್ತು ಮಾಡಿದರು. ಅಕ್ಕನಿಗೂ ಬಾ ಅಂದೆ. ಅಲ್ಲಿ ಡೋಲಿ ಹೊರುವವರು ಇರುತ್ತಾರೆ, ಕೂತು ಹೋಗಬಹುದು ಅಂದೆ.

"ಮಂದಿ ಹೆಗಲ ಮ್ಯಾಲೆ ಕುಂತು ಏರಿದ್ರ ಅದು ಆ ಮಂದಿ ವಂದನಾ ಆತು, ನಂದೆಲ್ಲಿಂದು?" ಅಂದಳು. ಆಮೇಲೆ ನಕ್ಕು, "ನೀ ಏರು ತಮ್ಮಾ. ನಾ ನಿನ್ನ ಕ್ಯಾಮರಾದಾಗ ಕುಂತ ಬರ್ತೀನಿ. ಎಲ್ಲಾ ಟೋಂಕ ಒಂದೂ ಬಿಡದಂಗ ತಗೊಂಡ ಬಾ. ಚಂದ್ರಪ್ರಭಂದಂತೂ ಮರೀಬ್ಯಾಡ. ಅವ್ವನ ಹರಕಿ ಅಷ್ಟರಾಗ ಮುಗಸ್ತೀನಿ," ಅಂದಳು.

ಮುಗಿಸುತ್ತೇನೆ ಎಂದು ಅವಳು ಅಂದಾಗ ಅವಳ ಮುಖ ಹೇಗಿತ್ತು ಎಂದರೆ, ನಾನು ಅವಳ ತಲೆ ಮೇಲೆ ಕೈ ಇಟ್ಟು ಆಣೆ ಮಾಡಿದೆ.

ಬೆಟ್ಟ ಏರತೊಡಗಿದಾಗ ಇನ್ನೂ ಬೆಳಕಾಗಿರಲಿಲ್ಲ. ಹೆಗಲ ಮೇಲೆ ಆಗಿನ ಕಾಲದ ದೊಡ್ಡ ಕ್ಯಾಮೆರಾ, ಸೊಂಟಕ್ಕೆ ಬ್ಯಾಟರಿಗಳ ಚೀಲ. ಯಾತ್ರೆಯ ಮುಖ್ಯಸ್ಥರು ಊರಿನ ದೊಡ್ಡ ಹೊಲದವರು. ಅವರು ಹೆಜ್ಜೆಗೊಮ್ಮೆ, "ಏ ಕ್ಯಾಮರಾ, ನಮ್ಮ ಮನ್ಯಾಗಿನವರ್ನ ಹಿಡಿ, ಏದುಸಿರ ಬಿಡಾಕತ್ತಾರ ನೋಡು," ಎಂದು ಕೂಗುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಅವರ ಹಿಂದೆ ಮುಂದೆ ಓಡಾಡಿ, ಅವರು ಒಂದು ಸಲ ಏರಿದ ದಾರಿಯನ್ನು ಎರಡು ಸಲ ಏರಿದೆ. ಮೇಲೆ ಮುಟ್ಟುವಷ್ಟರಲ್ಲಿ ಅಂಗಾಲಿನ ಚರ್ಮ ಸುಲಿದಿತ್ತು.

ಮೇಲೆ ಟೋಂಕುಗಳು ಒಂದರ ಹಿಂದೆ ಒಂದು ಬರುತ್ತವೆ. ಪ್ರತಿಯೊಂದನ್ನೂ ತೆಗೆದೆ. ಮೊದಲು ಗುಡಿ, ಆಮೇಲೆ ಪಾದ, ಪಾದದ ಸುತ್ತ ಭಕ್ತರು ಏರಿಸಿದ ಅಕ್ಕಿ ಲವಂಗ. ಚಂದ್ರಪ್ರಭರ ಟೋಂಕು ಮಾತ್ರ ಉಳಿದವುಗಳ ಜೊತೆ ಇಲ್ಲ. ಅದು ದೂರದಲ್ಲಿ, ಬೇರೆಯೇ ಒಂದು ಶಿಖರದ ತುದಿಯಲ್ಲಿ ಒಂಟಿಯಾಗಿ ನಿಂತಿದೆ. ಅಲ್ಲಿಗೆ ಹೋಗಬೇಕಾದರೆ ಇಳಿದು ಮತ್ತೆ ಕಡಿದಾಗಿ ಏರಬೇಕು, ಬಂದ ದಾರಿಯಲ್ಲೇ ಹಿಂದಕ್ಕೆ ಬರಬೇಕು. ನಮ್ಮ ಜನ ಜಯಕಾರ ಹಾಕುತ್ತ ಆ ಕಡೆ ಇಳಿದರು. ನಾನು ತಿರುವಿನಲ್ಲಿ ನಿಂತೆ.

"ಯಾಕಲೇ, ಬರೂದಿಲ್ಲೇನ?" ಎಂದು ಯಾರೋ ಕೇಳಿದರು.

"ಬ್ಯಾಟರಿ ಮುಗ್ಯಾಕ ಬಂದೈತ್ರಿ. ಕೊನೀ ಪಾರ್ಶ್ವನಾಥರ ಟೋಂಕಿಗೆ ಉಳಸ್ಬೇಕು," ಅಂದೆ.

ಬಹಳ ವರ್ಷ ನನಗೆ ನಾನೂ ಹೀಗೇ ಹೇಳಿಕೊಂಡೆ. ಆದರೆ ಬ್ಯಾಟರಿ ಇತ್ತು. ಒಂದು ಪೂರಾ ಬ್ಯಾಟರಿ ಮುಟ್ಟದೆ ಚೀಲದಲ್ಲಿತ್ತು. ಕಾಲು ಉರಿಯುತ್ತಿತ್ತು, ಅಷ್ಟೇ. ಅಂಥದೇ ಉರಿಯುವ ಕಾಲಲ್ಲಿ ಎಪ್ಪತ್ತು ವರ್ಷದ ಅಜ್ಜಿಯರು ಇಳಿದು ಹೋದರು. ನಾನು ನಿಂತಲ್ಲಿಂದಲೇ ಆ ದೂರದ ಶಿಖರವನ್ನು ಒಂದು ಸಲ ಹಿಡಿದೆ. ಆಮೇಲೆ ಬಂಡೆಯ ಮರೆಗೆ ಕುಳಿತು, ಕೆಳಗಿಳಿದ ಮೇಲೆ ತಿನ್ನು ಎಂದು ಅಕ್ಕ ಕಟ್ಟಿಕೊಟ್ಟಿದ್ದ ಶೇಂಗಾ ಹೋಳಿಗೆ ತೆಗೆದು ತಿಂದೆ. ಬೆಟ್ಟದ ಮೇಲೆ ತಿನ್ನಬಾರದು ಎನ್ನುವುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು.

ಅಥಣಿಗೆ ಬಂದು ಮಿಕ್ಸಿಂಗಿಗೆ ಕುಳಿತಾಗ ಆ ಜಾಗ ಬಂತು. ಬಿಟ್ಟುಬಿಡಬಹುದಿತ್ತು. ಬಿಟ್ಟರೆ ಅಕ್ಕ ಕೇಳುತ್ತಾಳೆ. ಹೋಗಲಿಲ್ಲ ಎನ್ನಬಹುದಿತ್ತು. ಆ ಮಾತು ಬಾಯಿಂದ ಬರುವುದಕ್ಕಿಂತ ಗುಂಡಿ ಒತ್ತುವುದು ಸುಲಭವಾಗಿತ್ತು. ಮೊದಲು ದೂರದ ಶಿಖರ. ಅದರ ಹಿಂದೆ ಮೆಟ್ಟಿಲು ಏರುವ ಬರಿಗಾಲುಗಳು, ಅವು ಬೆಳಗಿನ ಏರಿನವು. ಬಾಗಿ ಹಣೆ ಹಚ್ಚುವ ಒಬ್ಬ ಅಜ್ಜಿಯ ಬೆನ್ನು. ಕೊನೆಗೆ ಪಾದ. ಆ ಪಾದ ವಿಮಲನಾಥರ ಟೋಂಕಿನದು. ಅಲ್ಲಿ ಎರಡು ಸಲ ತೆಗೆದಿದ್ದೆ, ಒಂದು ಹೆಚ್ಚಾಗಿ ಉಳಿದಿತ್ತು. ಪಾದದ ಕೆಳಗೆ ಬರೆದ ಹೆಸರು ಕಾಣುವ ಮೊದಲೇ ಕತ್ತರಿಸಿದೆ. ಗಂಟೆಯ ಸದ್ದು ಒಂದು ಸೇರಿಸಿದೆ.

ಮಾಲಕರು ಹಿಂದೆ ನಿಂತು ನೋಡಿ ನನ್ನ ಬೆನ್ನ ಮೇಲೆ ಗುದ್ದಿದರು. "ವಾ ರೇ ಪಠ್ಠ್ಯಾ! ಇಡೀ ಕ್ಯಾಸೆಟ್ಟಿನಾಗ ಇದಽ ಭಾರಿ ಆಗೇತಿ."

ಯಾತ್ರೆಯವರಿಗೆಲ್ಲ ಒಂದು ಸಲ ತೋರಿಸಿದೆವು. ಆ ಟೋಂಕಿಗೆ ನಿಜವಾಗಿ ಹೋಗಿಬಂದವರೇ ಆ ಜಾಗದಲ್ಲಿ ಕಣ್ಣು ಒರೆಸಿಕೊಂಡರು. ಒಬ್ಬರಿಗೂ ಗೊತ್ತಾಗಲಿಲ್ಲ. ಆ ದಿನ ನನಗೆ ಹೆದರಿಕೆ ಆಗಲಿಲ್ಲ ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ. ಹೆಮ್ಮೆಯಾಯಿತು.

ಸ್ಟುಡಿಯೋದಲ್ಲಿ ಮೂಲೆಗೆ ಹಾಕಿದ್ದ ಒಂದು ಹಳೆಯ ವಿಸಿಆರ್ ರಿಪೇರಿ ಮಾಡಿಕೊಂಡು ಮನೆಗೆ ತಂದೆ. ಅಷ್ಟಮಿ, ಚತುರ್ದಶಿ ಬಂದರೆ ಅಕ್ಕ ಉಪವಾಸ. ತಲೆಗೆ ಸ್ನಾನ ಮಾಡಿ, ಬಿಳಿ ಸೀರೆ ಉಟ್ಟು, ಟಿವಿಯ ಮುಂದೆ ಮಣೆ ಇಟ್ಟು, ತಟ್ಟೆಯಲ್ಲಿ ಅಕ್ಕಿ ಲವಂಗ ಇಟ್ಟುಕೊಂಡು ಕೂರುತ್ತಿದ್ದಳು. ಒಂದೊಂದು ಪಾದ ಬಂದಾಗಲೂ, "ನಿಂದರಸೋ ತಮ್ಮಾ," ಅನ್ನುತ್ತಿದ್ದಳು. ನಾನು ಪಾಜ್ ಗುಂಡಿ ಒತ್ತುತ್ತಿದ್ದೆ. ಅವಳು ಮಂತ್ರ ಹೇಳಿ ಅರ್ಘ್ಯ ಏರಿಸಿ, "ಹೂಂ, ನಡಿ," ಅಂದ ಮೇಲೆ ಮುಂದಿನ ಟೋಂಕು. ಚಂದ್ರಪ್ರಭರದು ಬಂದಾಗ ಅವಳು ಕುಳಿತಿರುತ್ತಿರಲಿಲ್ಲ. ಸೊರಗಿದ ಕಾಲನ್ನು ಕೈಯಿಂದ ಎಳೆದು ಪಕ್ಕಕ್ಕಿಟ್ಟು, ನೆಲಕ್ಕೆ ಅಡ್ಡ ಬೀಳುತ್ತಿದ್ದಳು. ಅವ್ವ ಬೀಳಿಸುತ್ತೇನೆ ಅಂದ ಹಾಗೆ. ಎಷ್ಟೋ ಹೊತ್ತು ಏಳುತ್ತಿರಲಿಲ್ಲ. ನಾನು ಗುಂಡಿಯ ಮೇಲೆ ಬೆರಳಿಟ್ಟು ನಿಂತಿರುತ್ತಿದ್ದೆ. ಮೊದಲ ಸಲ ಅವಳು ಹಾಗೆ ಬಿದ್ದಾಗಲೇ ನನ್ನ ಹೆಮ್ಮೆ ಸತ್ತುಹೋಯಿತು. ಆಗಲೇ ಹೇಳಬೇಕಿತ್ತು. ಮುಂದಿನ ಅಷ್ಟಮಿಗೆ ಹೇಳೋಣ ಅಂದುಕೊಂಡೆ.

ನಮ್ಮೂರ ಬಸ್ತಿಯಲ್ಲಿ ಪೂಜೆ ಮಾಡುವ ಉಪಾಧ್ಯೆಯವರನ್ನು ಒಮ್ಮೆ ಕೇಳಿದೆ, ಬೇರೆ ಯಾರದೋ ಸುದ್ದಿ ಎಂಬಂತೆ. ಒಬ್ಬರು ತಪ್ಪು ಪಾದಕ್ಕೆ ತಿಳಿಯದೆ ವಂದನೆ ಮಾಡಿದರೆ ಅದು ಮುಟ್ಟುತ್ತದೆಯೇ ಎಂದು. ಅವರು ಗಂಧ ತೇಯುತ್ತಲೇ ನನ್ನ ಕಡೆ ನೋಡಿದರು.

"ತಿಳೀದ ಮಾಡ್ದಾಕಿದು ಆಕಿಗೆ ಮುಟ್ಟತೈತಿ. ತಿಳದು ಮಾಡ್ಸಿದಾವಂದು ಅವಗ ಮುಟ್ಟತೈತಿ," ಅಂದರು. ಆಕಿ ಎಂದು ನಾನು ಹೇಳಿರಲೇ ಇಲ್ಲ.

ಪಾಜ್‌ನಲ್ಲಿ ಇಟ್ಟಷ್ಟು ಹೊತ್ತು ಯಂತ್ರದ ಹೆಡ್ಡು ಟೇಪಿನ ಒಂದೇ ಜಾಗವನ್ನು ಉಜ್ಜುತ್ತಿರುತ್ತದೆ. ಐದು ವರ್ಷಕ್ಕೆ ಆ ಜಾಗ ಸವೆಯಿತು. ಉಳಿದ ಟೋಂಕುಗಳೆಲ್ಲ ಚೆನ್ನಾಗಿದ್ದವು, ಆ ಪಾದದ ಮೇಲೆ ಮಾತ್ರ ಬಿಳಿ ಗೆರೆಗಳು ಓಡತೊಡಗಿದವು.

"ನನ್ನಿಂದಽ ಸವದೈತೇನೋ ಅದು?" ಅಂದಳು ಅಕ್ಕ. "ಭಾಳ ಹೊತ್ತ ನಿಂದರಸ್ತೀನಿ ನಾ. ಪಾಪ ಬರ್ತೈತೇನೋ. ಇನ್ನೊಂದ ಕಾಪಿ ಮಾಡಿ ತಾ ತಮ್ಮಾ."

ಆ ಸುಳ್ಳನ್ನೇ ಮತ್ತೊಂದು ಕಾಪಿ ಮಾಡಲು ಮನಸ್ಸಾಗದೆ ನಾಳೆ ನಾಳೆ ಅಂದೆ. ಅದೇ ವರ್ಷ ಅವಳಿಗೆ ಸಕ್ಕರೆ ರೋಗ ಎಂದು ಗೊತ್ತಾಯಿತು. ಕಣ್ಣಿಗೆ ಆಗಲೇ ಏರಿತ್ತು. ಮಿರಜಿನ ಡಾಕ್ಟರು ನನ್ನನ್ನು ಹೊರಗೆ ಕರೆದು, ದೃಷ್ಟಿ ನಿಲ್ಲುವುದು ಕಷ್ಟ, ಇನ್ನೊಂದೆರಡು ವರ್ಷ ಅಂದರು. ಅವಳ ಕಣ್ಣು ಹೋಗುವುದರೊಳಗೆ ಚಂದ್ರಪ್ರಭರ ನಿಜವಾದ ಪಾದವನ್ನು ಒಂದೇ ಒಂದು ಸಲ ಅವಳಿಗೆ ತೋರಿಸಬೇಕು. ಸುಳ್ಳು ಪಾದ ಇದ್ದ ಜಾಗದಲ್ಲಿ ನಿಜವಾದದ್ದನ್ನು ಕೂಡಿಸಿಬಿಟ್ಟರೆ ಹೇಳುವ ಕೆಲಸವೇ ಇಲ್ಲ ಎಂದು ಆಗಲೂ ಯೋಚಿಸಿದೆ. ತಪ್ಪನ್ನೂ ಮಿಕ್ಸಿಂಗಿನಲ್ಲೇ ತೊಳೆಯಲು ಹೊರಟೆ.

ಶಿಖರ್ಜಿಗೆ ನಾನೇ ಮತ್ತೊಮ್ಮೆ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ದಿನಾ ಇಂಜೆಕ್ಷನ್ ನಾನೇ ಕೊಡಬೇಕಿತ್ತು, ಹದಿನೈದು ದಿನ ಅವಳನ್ನು ಬಿಟ್ಟು ಹೋಗುವಂತಿರಲಿಲ್ಲ. ಆ ಚಳಿಗಾಲದಲ್ಲಿ ಸ್ಟುಡಿಯೋದಿಂದ ಬೇರೊಬ್ಬ ಕ್ಯಾಮೆರಾದವನು ಶಿಖರ್ಜಿಗೆ ಹೊರಟ. ಅವನ ಕೈ ಹಿಡಿದು, ಉಳಿದದ್ದು ಬಿಟ್ಟರೂ ಚಂದ್ರಪ್ರಭರ ಟೋಂಕು ಬಿಡಬೇಡ ಎಂದು ಬೇಡಿಕೊಂಡೆ. ಪಾಪ, ಅವನು ಹೋಗಿದ್ದ. ಆದರೆ ಆ ದಿನ ಬೆಟ್ಟದ ಮೇಲೆ ಮಂಜು. ಕ್ಯಾಸೆಟ್ಟಿನಲ್ಲಿ ಬರೀ ಬಿಳುಪು, ಅದರೊಳಗಿಂದ ಗಂಟೆಯ ಸದ್ದು ಮಾತ್ರ.

ಆಮೇಲೆ ಬೇರೆ ಯಾತ್ರೆಗಳ ಕ್ಯಾಸೆಟ್ಟು ಹುಡುಕಿಕೊಂಡು ಬಸ್ಸು ಹತ್ತತೊಡಗಿದೆ. ಮುಂಜಾನೆ ಇಂಜೆಕ್ಷನ್ ಕೊಟ್ಟು ಹೋಗಿ ಸಂಜೆಯೊಳಗೆ ಹಿಂದಿರುಗುತ್ತಿದ್ದೆ. ನಿಪ್ಪಾಣಿಯಲ್ಲಿ ಒಬ್ಬ ತಂಬಾಕು ವ್ಯಾಪಾರಿಯ ಮನೆಯಲ್ಲಿ ಒಂದು ಸಿಕ್ಕಿತು. ತೆರೆದು ನೋಡಿದರೆ ಟೇಪಿನ ತುಂಬ ಬೂಷ್ಟು. ಬಟ್ಟೆಯಲ್ಲಿ ಅಂಗುಲ ಅಂಗುಲ ಒರೆಸಿ ಓಡಿಸಿದೆ. ಮೊದಲ ಟೋಂಕಿನಲ್ಲೇ ಟೇಪು ತುಂಡಾಯಿತು. ರಾಯಬಾಗದಲ್ಲಿ ಸಿಕ್ಕಿದ್ದರಲ್ಲಿ ಚಂದ್ರಪ್ರಭರ ಟೋಂಕು ನಿಜವಾಗಿಯೂ ಇತ್ತು. ಆದರೆ ಪಾದದ ಮುಂದೆ ಆ ಮನೆಯ ಯಜಮಾನರೇ ಕ್ಯಾಮೆರಾಕ್ಕೆ ಮುಖ ಕೊಟ್ಟು ಕುಳಿತಿದ್ದರು, ಏಳಲೇ ಇಲ್ಲ.

"ಚಂದ ಬಂದೀನಿಲ್ಲಾ?" ಎಂದು ಪಕ್ಕದಲ್ಲಿ ಕುಳಿತು ನನ್ನನ್ನು ಕೇಳಿದರು.

"ಬಂದೀರಿ. ಸ್ವಲ್ಪ ಸರದಿದ್ರ ದೇವರೂ ಬರ್ತಿದ್ದ," ಅಂದೆ. ಅವರು ಸಿಟ್ಟಾಗಿ ಟಿವಿ ಬಂದ್ ಮಾಡಿದರು.

ಕೊನೆಗೆ ಚಿಕ್ಕೋಡಿ. ಅಲ್ಲಿಯ ಒಂದು ಸ್ಟುಡಿಯೋದವನು, "ಬರ್ರಿ, ನಮ್ಮ ಕಡೆ ಎಲ್ಲಾ ಟೋಂಕ ಅದಾವ, ಒಂದೂ ತಪ್ಪಿಲ್ಲ," ಎಂದು ಕೂಡಿಸಿ ಹಾಕಿದ. ಬೇರೆ ಜನ, ಬೇರೆ ಬಸ್ಸು. ದೂರದ ಶಿಖರ ಬಂತು. ಮೆಟ್ಟಿಲು ಏರುವ ಬರಿಗಾಲುಗಳು. ಬಾಗಿದ ಅಜ್ಜಿಯ ಬೆನ್ನು. ಗಂಟೆ. ಆ ಪಾದ.

ಅದು ನನ್ನದೇ. ನನ್ನ ಕೈಯಿಂದ ಹೊಲಿದದ್ದು.

"ಇದು ಎಲ್ಲಿಂದ ತಂದ್ರಿ?" ಅಂದೆ.

ಅವನು ನಕ್ಕ. "ನಮ್ಮ ಕ್ಯಾಮರಾದಾಂವ ಅಲ್ಲಿಗೆ ಹೋಗಿರ್ಲಿಲ್ಲ ಬಿಡ್ರಿ. ಭಾಳ ದೂರ ಅಂತ. ಅಥಣಿ ಕಡೆ ಯಾವನೋ ಚಲೋ ಮಾಡಿದ್ದ, ಅದನ್ನ ತಗದು ಕೂಡಿಸಿವಿ. ನೋಡಾವ್ರಿಗೆ ಏನ ಗೊತ್ತಾಗತೈತ್ರಿ?"

ಚಿಕ್ಕೋಡಿಯ ಬಸ್ ಸ್ಟ್ಯಾಂಡಿನಲ್ಲಿ ಕಲ್ಲಿನ ಬೆಂಚಿನ ಮೇಲೆ ಕುಳಿತೆ. ಒಂದು ಬಸ್ಸು ಹೋಯಿತು, ಎರಡನೆಯದೂ ಹೋಯಿತು, ಏಳಲಾಗಲಿಲ್ಲ. ಎಷ್ಟು ಮನೆಗಳಲ್ಲಿ ಎಷ್ಟು ಜನ ಆ ಪಾದಕ್ಕೆ ಹಣೆ ಹಚ್ಚುತ್ತಿದ್ದಾರೋ. ನಾನು ಒಬ್ಬ ಅಕ್ಕನಿಗೆ ಮಾಡಿದ ಮೋಸ ನನಗಿಂತ ಮೊದಲೇ ಊರೂರು ತಿರುಗಿ ಬಂದಿತ್ತು. ಬೇರೆ ಎಲ್ಲಿ ಹುಡುಕುವುದಕ್ಕೂ ಆಮೇಲೆ ಧೈರ್ಯ ಬರಲಿಲ್ಲ.

ಅಕ್ಕನ ಕಣ್ಣು ಡಾಕ್ಟರು ಹೇಳಿದ್ದಕ್ಕಿಂತ ಮೊದಲೇ ಹೋಯಿತು. ಮರುವರ್ಷ ನಮ್ಮ ಹತ್ತು ದಿನದ ದಶಲಕ್ಷಣ ಪರ್ವದ ಹೊತ್ತಿಗೆ ಅವಳಿಗೆ ಬಾಗಿಲು ಯಾವುದು ಗೋಡೆ ಯಾವುದು ಎನ್ನುವಷ್ಟು ಬೆಳಕು ಮಾತ್ರ ಉಳಿದಿತ್ತು. ಪರ್ವ ಮುಗಿದ ಮೇಲೆ ಕ್ಷಮಾವಾಣಿ ಬರುತ್ತದೆ. ಆ ದಿನ ನಮ್ಮಲ್ಲಿ ಎಲ್ಲರೂ ಎಲ್ಲರಿಗೂ ಕೈ ಮುಗಿದು, ಉತ್ತಮ ಕ್ಷಮಾ ಎಂದು ಹೇಳಿ ವರ್ಷದ ತಪ್ಪುಗಳಿಗೆ ಕ್ಷಮೆ ಕೇಳಿಕೊಳ್ಳುತ್ತೇವೆ. ಪ್ರತಿವರ್ಷ ನಾನೂ ಅಕ್ಕನಿಗೆ ಹಾಗೆ ಹೇಳಿದ್ದೆ. ಯಾವ ತಪ್ಪು ಎಂದು ಯಾರೂ ಕೇಳುವುದಿಲ್ಲ. ಅದರಲ್ಲೇ ಅಡಗಿಕೊಂಡು ಇಷ್ಟು ವರ್ಷ ದಾಟಿದ್ದೆ.

ಆ ದಿನ ಮುಂಜಾನೆ ಅಕ್ಕನೇ ಮೊದಲು ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಬರೇ ಉತ್ತಮ ಕ್ಷಮಾ ಅಂದ್ರ ಬಾಯಿ ಮಾತಾತು. ನಾ ತಪ್ಪಿನ ಹೆಸರ ಹೇಳಿ ಕೇಳ್ತೀನಿ. ನಿನ್ನ ಸಾಲಿ ಬಿಡಿಸಿದ್ನಿ ತಮ್ಮಾ. ಮಾಸ್ತರ ಮನೀತನಕ ಬಂದು, ಹುಡುಗ ಶಾಣ್ಯಾ ಅದಾನ, ಬಿಡಿಸಬ್ಯಾಡ ಅಂದ್ರು. ನಾ ಕೇಳ್ಲಿಲ್ಲ. ಅದಕ್ಕ ನನಗ ಕ್ಷಮಾ ಮಾಡು," ಅಂದಳು.

"ಅದೇನ ತಪ್ಪ ಬಿಡಕ್ಕಾ," ಅಂದೆ. ಆಮೇಲೆ ಉತ್ತಮ ಕ್ಷಮಾ ಅಂದೆ. ಅಷ್ಟೇ ಅಂದೆ. ಅವಳು ಸ್ವಲ್ಪ ಹೊತ್ತು ಕೈ ಬಿಡದೆ ಕಾದಳು ಎಂದು ಈಗ ಅನಿಸುತ್ತದೆ.

ಸಂಜೆ ಅವಳು ಬಿಳಿ ಸೀರೆ ಉಟ್ಟು ಮಣೆಯ ಮೇಲೆ ಬಂದು ಕುಳಿತಳು. ಕ್ಯಾಸೆಟ್ಟು ಹಾಕು ಅಂದಳು.

"ನಿನಗ ಕಾಣಸೂದಿಲ್ಲಲ್ಲಕ್ಕಾ."

"ನನಗ ಕಾಣಸದಿದ್ರ ಏನಾತು? ನಿನಗ ಕಾಣಸ್ತೈತಲ್ಲಾ. ಯಾವ ಟೋಂಕ ಬಂತಂತ ನೀ ಹೇಳ್ಕೋತ ಹೋಗು. ನಾ ಏರಸ್ಕೋತ ಹೋಗ್ತೀನಿ."

ಹಾಕಿದೆ. ಒಂದೊಂದು ಟೋಂಕು ಬಂದಾಗಲೂ ಹೆಸರು ಹೇಳಿದೆ. ಅವಳು ತಟ್ಟೆಯನ್ನು ತಡವಿ ಅಕ್ಕಿ ತೆಗೆದು ಏರಿಸಿದಳು. ಇಷ್ಟು ವರ್ಷ ಸುಳ್ಳನ್ನು ಚಿತ್ರ ಹೇಳುತ್ತಿತ್ತು, ನಾನು ಬರೀ ಗುಂಡಿ ಒತ್ತುತ್ತಿದ್ದೆ. ದೂರದ ಶಿಖರ ಕಂಡಾಗ ನನಗೆ ತಿಳಿಯಿತು, ಇನ್ನು ಅದನ್ನು ನನ್ನ ಬಾಯೇ ಹೇಳಬೇಕು. ಬಿಳಿ ಗೆರೆಗಳ ಹಿಂದೆ ಆ ಪಾದ ಬಂತು. ಪಾಜ್ ಒತ್ತಿದೆ. ಬಾಯಿ ತೆರೆದೆ, ಹೆಸರು ಬರಲಿಲ್ಲ.

"ಯಾಕ ಸುಮ್ಮನಾದಿ? ಕರೆಂಟ್ ಹೋತೇನ?" ಅಂದಳು ಅಕ್ಕ. ಆಗಲೇ ಅವಳು ಕಾಲನ್ನು ಕೈಯಿಂದ ಎಳೆದು ಪಕ್ಕಕ್ಕಿಡುತ್ತಿದ್ದಳು, ಅಡ್ಡ ಬೀಳಲು.

ನಾನು ಅವಳ ಭುಜ ಹಿಡಿದು ತಡೆದೆ.

"ಬೀಳಬ್ಯಾಡಕ್ಕಾ. ಇದು ಚಂದ್ರಪ್ರಭರ ಪಾದ ಅಲ್ಲ. ನಾ ಆ ಟೋಂಕಿಗೆ ಹೋಗೇ ಇಲ್ಲ. ದೂರಿಂದ ನೋಡಿ ಕುಂತ್ನಿ, ಬ್ಯಾರೆ ಪಾದ ತಂದು ಕೂಡಿಸಿದ್ನಿ. ಆರು ವರ್ಷ ನಿನ್ನ ಸುಳ್ಳಿನ ಮುಂದ ಅಡ್ಡ ಕೆಡವೀನಿ. ನಿನ್ನ ಕಣ್ಣ ಇದ್ದಾಗ ಹೇಳ್ಲಿಲ್ಲ. ಅವ್ವನ ಹರಕಿ ನನ್ನಿಂದ ಕೆಟ್ಟೈತಿ. ತಪ್ಪ ನಂದು ಅಕ್ಕಾ. ನನಗ ಕ್ಷಮಾ ಮಾಡು."